ಮಾವನ ಮಗನ ಮೈಯಲ್ಲಿ ಸುಜಾತಾಳ ರಕ್ತ

ಕಬ್ಬು ತುಂಬಿದ ಎರಡು ಟ್ರೇಲರ್‌ಗಳನ್ನು ಹಿಂದಕ್ಕೆ ಸರಿಸುವಾಗ ಸುಜಾತಾ ಕುತ್ತಿಗೆ ತಿರುಗಿಸುವುದಿಲ್ಲ. ಎಡಗಡೆಯ ಕನ್ನಡಿಯೊಂದೇ ಸಾಕು. ಒಂದು ಟ್ರೇಲರ್ ಇದ್ದರೆ ಸ್ಟೇರಿಂಗನ್ನು ಉಲ್ಟಾ ತಿರುಗಿಸಬೇಕು. ಎರಡಿದ್ದರೆ ಲೆಕ್ಕವೇ ಬೇರೆ. ಪಳಗಿದವರೂ ಮೊದಲು ಒಂದನ್ನು ಕಳಚಿಡುತ್ತಾರೆ. ಮೂಡಲಗಿ ಕಡೆಯ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಸರದಿಗೆ ಕಾದು ನಿಂತ ಚಾಲಕರು ಚಹಾ ಹಿಡಿದುಕೊಂಡು ನೋಡುತ್ತಿದ್ದರು.

“ಸುಜಾತಕ್ಕಾ, ಎಲಬಿನ್ಯಾನ ಎಣ್ಣಿ ತಗಿಸ್ಕೊಂಡ ಮ್ಯಾಲೂ ಗಾಡಿ ನೆಟ್ಟಗ ಹೊಡಿತೀಯಲ್ಲ!” ಎಂದು ಭೀಮಶಿ ಎಂಬ ಚಾಲಕ ಕೂಗಿದ.

“ನಿನ್ನ ತಲ್ಯಾಗ ತಗ್ಯಾಕ ಏನೂ ಇರಲಿಲ್ಲೋ ಭೀಮಶಿ. ಅದಕ್ಕ ನಿನ್ನ ಕರೀಲಿಲ್ಲ ಅವರು.”

ಸಾಲಿಗೆ ಸಾಲೇ ನಕ್ಕಿತು. ಸುಜಾತಾ ಎಂಜಿನ್ ಆರಿಸಿ ಕೆಳಗಿಳಿದಳು.

ಮಸಗುಪ್ಪಿಯ ಸುಜಾತಾಳಿಗೆ ಇಪ್ಪತ್ತನಾಲ್ಕು ವರ್ಷ. ತಂದೆ ತೀರಿಕೊಂಡಾಗ ಮನೆಯ ಟ್ರ್ಯಾಕ್ಟರ್ ಮಾರಿಬಿಡಿ ಎಂದು ನೆಂಟರು ಹೇಳಿದ್ದರು. ಅವಳು ಮಾರಲು ಬಿಡದೆ ತಾನೇ ಹತ್ತಿ ಕುಳಿತಳು. ಈಗ ಸುತ್ತಲಿನ ಐದಾರು ಊರುಗಳ ಕಬ್ಬು ಅವಳ ಗಾಡಿಯಲ್ಲಿ ಕಾರ್ಖಾನೆಗೆ ಬರುತ್ತದೆ. ಆದರೆ ಈ ಭಾಗದಲ್ಲಿ ಅವಳ ಹೆಸರು ಗೊತ್ತಿರುವುದು ಟ್ರ್ಯಾಕ್ಟರಿಗಿಂತ ಹೆಚ್ಚಾಗಿ ಭೀಮಶಿ ಹೇಳಿದ ಆ ‘ಎಣ್ಣೆ’ಯಿಂದ. ಎರಡು ವರ್ಷದ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವಳ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ತುಕ್ಕಾನಟ್ಟಿಯ ಕಾಶಿನಾಥನಿಗೆ ಕೊಟ್ಟರು. ಕಾಶಿನಾಥ ಅವಳ ಸೋದರಮಾವ ಯಲ್ಲಪ್ಪನ ಮಗ.

ಕಾಶಿನಾಥನಿಗೆ ಹುಟ್ಟಿನಿಂದಲೂ ರಕ್ತ ನಿಲ್ಲುತ್ತಿರಲಿಲ್ಲ. ಹಾಲುಹಲ್ಲು ಬಿದ್ದಾಗ ಮೂರು ದಿನ ಬಾಯಿಂದ ರಕ್ತ ಸೋರಿತ್ತು. ಗೋಕಾಕದಲ್ಲಿ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿಯೇ ಬರುತ್ತಿತ್ತು. ಉಷ್ಣ ಇರಬೇಕೆಂದು ಮನೆಯವರು ಮಜ್ಜಿಗೆ, ಜೀರಿಗೆ ಕುಡಿಸಿದರು. ದೋಷ ಇದ್ದದ್ದು ಸಂಖ್ಯೆಯಲ್ಲಿ ಅಲ್ಲ. ಗಾಯವಾದ ಕಡೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಕೈ ಹಿಡಿದು ತೂತು ಮುಚ್ಚಬೇಕು. ಕಾಶಿನಾಥನಲ್ಲಿ ಅವುಗಳಿಗೆ ಹಿಡಿಯುವ ಕೈಯೇ ಇರಲಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡೂ ಕಡೆಯಿಂದ ದೋಷ ಬಂದರೆ ಮಾತ್ರ ಈ ಕಾಯಿಲೆ ಬರುತ್ತದೆ. ಯಲ್ಲಪ್ಪ ಮದುವೆಯಾದದ್ದು ತನ್ನ ಸ್ವಂತ ಅಕ್ಕನ ಮಗಳನ್ನು.

ಇದನ್ನು ಪತ್ತೆ ಮಾಡಿದವರು ಹುಕ್ಕೇರಿಯ ಮಗಳು ಡಾ. ರಾಧಿಕಾ. ಬೆಂಗಳೂರಿನಲ್ಲಿ ರಕ್ತದ ಕಾಯಿಲೆಗಳ ಸಂಶೋಧನೆ ಮಾಡುವ ಅವರು ಘಟಪ್ರಭೆಯ ದಂಡೆಯ ಊರುಗಳಲ್ಲಿ ಇಂಥ ಕುಟುಂಬಗಳನ್ನು ಹುಡುಕಿ ಅಧ್ಯಯನ ಮಾಡುತ್ತಿದ್ದಾರೆ. ಅವರು ಮೊದಲ ಸಲ ಮನೆಗೆ ಬರುವ ಹೊತ್ತಿಗಾಗಲೇ ಕಾಶಿನಾಥನಿಗೆ ಬೇರೆಯವರ ಪ್ಲೇಟ್‌ಲೆಟ್ ಏರಿಸಿದರೂ ಅವನ ದೇಹ ಅದನ್ನು ಕೊಂದುಹಾಕುತ್ತಿತ್ತು. ಉಳಿದ ದಾರಿ ಒಂದೇ. ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಆಕರಕೋಶಗಳಿರುತ್ತವೆ. ಅವನ ಕೋಶಗಳನ್ನು ಔಷಧಿಯಿಂದ ಬರಿದು ಮಾಡಿ, ಹೊಂದುವ ಇನ್ನೊಬ್ಬರವನ್ನು ನೆಡಬೇಕು. ಅವನ ತಂಗಿ ಸಪ್ನಾಳಿಂದ ತೆಗೆಯುವಂತಿರಲಿಲ್ಲ, ಅವಳಿಗೂ ಅದೇ ಕಾಯಿಲೆ. ಒಳಗೊಳಗೇ ಮದುವೆಯಾಗುತ್ತ ಬಂದ ಮನೆತನದಲ್ಲಿ ನೆಂಟರೂ ಹೊಂದುವ ಸಾಧ್ಯತೆ ಹೆಚ್ಚು ಎಂದು ರಾಧಿಕಾ ಹತ್ತಿರದವರೆಲ್ಲರ ರಕ್ತ ನೋಡಿದರು. ಪೂರ್ತಿ ಹೊಂದಿದ್ದು ಸುಜಾತಾಳದ್ದು.

ಅವಳು ಕೊಟ್ಟಳು. ಎಲುಬು ನೊಂದು ಎರಡು ವಾರ ಟ್ರ್ಯಾಕ್ಟರ್ ಸೀಟಿನ ಮೇಲೆ ಕೂರಲಾಗಲಿಲ್ಲ, ಅಷ್ಟೇ. ಕಾಶಿನಾಥ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಉಳಿದ. ಊರಿಗೆ ಬಂದವನು ಮೊದಲು ಮಾಡಿದ ಕೆಲಸ ಬ್ಲೇಡಿನಿಂದ ಗಡ್ಡ ಹೆರೆದುಕೊಂಡದ್ದು. ಅಲ್ಲಿಯವರೆಗೆ ಅವನ ಮುಖಕ್ಕೆ ಬ್ಲೇಡ್ ತಾಗಿರಲಿಲ್ಲ. ಗದ್ದ ಕೊಯ್ದುಕೊಂಡು ಅವನು ಸುಜಾತಾಳಿಗೆ ವಿಡಿಯೋ ಕಾಲ್ ಮಾಡಿದ.

“ನೋಡs, ನೋಡು, ನಿಂತತಿ! ತಾನ ನಿಂತತಿ!”

“ಗಡ್ಡಾ ಪೂರಾ ತಗೀ ಮೊದಲ. ಅರ್ಧಕ್ಕ ಬಿಟ್ಟು ಮಂಗ್ಯಾ ಕಂಡಂಗ ಕಾಣಾಕತ್ತಿ” ಎಂದಳು ಸುಜಾತಾ. ಫೋನ್ ಇಟ್ಟ ಮೇಲೆ ಅತ್ತಳೆಂದು ಅವಳ ತಾಯಿ ಹೇಳುತ್ತಾರೆ.

ತೊಂದರೆ ಶುರುವಾದದ್ದು ಆಮೇಲೆ. ಸೋದರತ್ತೆಯ ಮಗಳು ಮಾವನ ಮಗನಿಗೆ ಎಂಬುದು ಈ ಕಡೆ ಕೇಳದೆಯೇ ನಡೆಯುವ ಮಾತು. ಸುಜಾತಾ ತೊಟ್ಟಿಲಲ್ಲಿದ್ದಾಗಲೇ ಯಲ್ಲಪ್ಪ ಹಾಗೆ ಹೇಳಿಟ್ಟಿದ್ದ. ಮಜ್ಜೆ ಕೊಡಲು ಅವಳು ಒಪ್ಪಿದ್ದನ್ನು ಅವನು ಮದುವೆಗೇ ಒಪ್ಪಿದಳೆಂದು ತಿಳಿದ. ಅವಳಿಗೆ ಕಾಶಿನಾಥನ ಮೇಲೆ ಅಂಥ ಮನಸ್ಸು ಎಂದೂ ಇರಲಿಲ್ಲ. ಜೊತೆಗೆ ಪರೀಕ್ಷೆಯಲ್ಲಿ ಇನ್ನೊಂದು ವಿಷಯ ಗೊತ್ತಾಗಿತ್ತು. ಅವಳಲ್ಲೂ ಆ ದೋಷ ಇದೆ, ಒಂದೇ ಕಡೆಯಿಂದ ಬಂದದ್ದು. ಅದರಿಂದ ಅವಳಿಗೆ ತೊಂದರೆಯಿಲ್ಲ. ಆದರೆ ಮಜ್ಜೆಯ ಕಸಿ ಬದಲಾಯಿಸುವುದು ರಕ್ತವನ್ನು ಮಾತ್ರ. ಮಕ್ಕಳಿಗೆ ಹೋಗುವ ಬೀಜದಲ್ಲಿ ಕಾಶಿನಾಥನ ಹಳೆಯ ದೋಷ ಹಾಗೇ ಉಳಿದಿರುತ್ತದೆ. ಇಬ್ಬರಿಗೂ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ಅರ್ಧಕ್ಕರ್ಧ. ಇದನ್ನು ಹೇಳಿ ನೋಡಿದಳು.

“ಮಕ್ಕಳಿಗೂ ಹಿಂಗ ಮಾಡಿಸಿದ್ರಾತು” ಎಂದ ಯಲ್ಲಪ್ಪ. “ಒಮ್ಮಿ ಆಗೇತಿ, ಮತ್ತೊಮ್ಮಿ ಆಗಂಗಿಲ್ಲೇನು?”

ಕಳೆದ ದೀಪಾವಳಿ ಮುಗಿದ ಮೇಲೆ ಅವನು ತುಕ್ಕಾನಟ್ಟಿಯ ಮನೆಯಲ್ಲಿ ಹೋಳಿಗೆ ಊಟ ಇಟ್ಟು ನೆಂಟರನ್ನೆಲ್ಲ ಕರೆದ. ಸುಜಾತಾಳಿಗೆ ಸೀರೆ ಕೊಟ್ಟು ಉಡಿ ತುಂಬುವ ಕಾರ್ಯಕ್ರಮ. ಮರುದಿನ ಊರಿನ ಶಾಲೆಯಲ್ಲಿ ರಕ್ತದ ಮಾದರಿ ತೆಗೆಯುವ ಶಿಬಿರವಿತ್ತು. ಸಪ್ನಾಳಿಗೆ ಹತ್ತಿರದವರಲ್ಲಿ ಯಾರೂ ಹೊಂದದ್ದರಿಂದ ದೂರದ ನೆಂಟರಲ್ಲಿ ಹುಡುಕಬೇಕಿತ್ತು. ಹದಿಮೂರರ ಸಪ್ನಾ ಮೈನೆರೆದಾಗ ರಕ್ತ ನಿಲ್ಲದೆ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಳು. ಶಿಬಿರಕ್ಕೆಂದು ಬಂದ ರಾಧಿಕಾ ಊಟಕ್ಕೂ ಬಂದರು. ಕಾಶಿನಾಥ ಹೇಗಿದ್ದಾನೆಂದು ಹಿರಿಯರು ಕೇಳಿದಾಗ ಅವರು ಸಂತೋಷದಿಂದ ಹೇಳಿದರು: “ಈಗ ಇವನ ಮೈಯಾಗ ಹರಿಯೂದು ಪೂರಾ ಸುಜಾತಾನ ರಕ್ತರಿ. ರಕ್ತದ ಗುಂಪು ಸೈತ ಅಕಿದ ಆಗೇತಿ.”

ಮನೆಯ ಸೊಸೆಯಂದಿರೂ ಸಪ್ನಾಳೂ ಅಕ್ಕಿ, ಕೊಬ್ಬರಿ, ಉತ್ತತ್ತಿಯ ತಾಟು ತಂದರು. ಉಡಿ ತುಂಬುವಾಗಲೇ ಮದುವೆಯ ತಿಂಗಳನ್ನೂ ಹೇಳಿಬಿಡುವುದು ಯಲ್ಲಪ್ಪನ ಆಲೋಚನೆ. ಅವನು ಬಾಯಿ ತೆರೆಯುವಷ್ಟರಲ್ಲಿ ಅವನ ತಾಯಿ, ಎಂಬತ್ತು ದಾಟಿದ ಕೆಂಚವ್ವ, ಗೋಡೆಗೊರಗಿದಲ್ಲಿಂದಲೇ ಕೈ ಎತ್ತಿದರು.

“ಯಲ್ಲಪ್ಪಾ, ತಡಿ. ಇವನ ಮೈಯಾಗಿಂದು ಪೂರಾ ಅಕಿ ರಕ್ತ ಅಂದ್ರಿಲ್ಲೋ ಡಾಕ್ಟರಬಾಯಿ? ಹಂಗಾದ್ರ ಇವ ಅಕಿ ಬೆಡಗಿನವ, ಅಕಿ ಕುಲದವ ಆದ. ಒಂದ ಬೆಡಗಿನವರು ಅಣ್ಣ-ತಂಗಿ. ಮದಿವಿ ಹೆಂಗ ಮಾಡ್ತಿ?”

ಮೊದಲು ಎಲ್ಲರೂ ನಕ್ಕರು. “ಹೆಣ್ಣಿನ ರಕ್ತ ಆತಲ್ಲೋ ಕಾಶ್ಯಾ, ಆ ಸೀರಿ ನೀನ ಉಟ್ಕೋ” ಎಂದರೊಬ್ಬರು. ನಗು ಇಳಿದ ಮೇಲೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮುದುಕಿಯ ಮಾತು ತೆಗೆದುಹಾಕುವಂಥದ್ದಲ್ಲ ಎನಿಸಿತು. ಹಂಗಲ್ಲರಿ ಎಂದು ರಾಧಿಕಾ ಶುರು ಮಾಡಿದ್ದು ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

“ಸುಮ್ಮ ಕುಂತಿದ್ರ ನನ್ನ ಕೆಲಸ ಆಗೇ ಹೋಗಿತ್ತರಿ. ಯಾರ ಮನಸಿಗೂ ನೋವಿಲ್ಲ, ಮಾವಗ ಅವಮಾನಿಲ್ಲ” ಎಂದು ಈಗ ನೆನೆಸಿಕೊಂಡು ಹೇಳುತ್ತಾಳೆ ಸುಜಾತಾ.

ಆದರೆ ಆಗಲೇ ಹಿಂದಿನ ಸಾಲಿನಿಂದ ದೂರದ ನೆಂಟಳಾದ ಮೇಲವಂಕಿಯ ರಾಮವ್ವ ತನ್ನ ಮಗಳಿಗೆ ಹೇಳಿದ್ದು ಸುಜಾತಾಳ ಕಿವಿಗೆ ಬಿತ್ತು. “ಕಾಜಲ್, ನಾಳೆ ರಕ್ತ ಕೊಡಾಕ ಸಾಲಿ ಕಡೆ ಹಾಯಬ್ಯಾಡ ನೀ. ರಕ್ತ ಯಾವ ಮನಿಗಿ ಹೊಂದತೈತೋ ಆ ಮನಿ ಸಂಬಂಧನ ಬಂದ್ ಆಕ್ಕೈತಿ.” ಪಕ್ಕದವರು ಖರೆ ಐತಿ ಎಂದರು. ಮಾತು ಪಡಸಾಲೆಯ ಈ ಕೊನೆಯಿಂದ ಆ ಕೊನೆಗೆ ಹರಿಯಿತು. ಮದುವೆಯ ವಯಸ್ಸಿಗೆ ಬಂದ ಮಕ್ಕಳಿದ್ದ ತಾಯಂದಿರೆಲ್ಲ ತಲೆಯಾಡಿಸುತ್ತಿದ್ದರು. ತಾಟು ಹಿಡಿದು ನಿಂತ ಸಪ್ನಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಸುಜಾತಾ ಎದ್ದು ನಿಂತಳು.

“ಆಯಿ, ನಿನ್ನ ಮಾತು ನನಗ ಅನಕೂಲ ಐತಿ. ಆದ್ರ ಖರೆ ಅಲ್ಲ. ಮಜ್ಜಿ ಕೊಟ್ರ ಅಣ್ಣ-ತಂಗಿ ಆಗಂಗಿಲ್ಲ. ಬೆಡಗು ಬದಲಾಗಂಗಿಲ್ಲ. ನಾ ಕಾಶಿನಾಥನ್ನ ಮದಿವಿ ಆಗಂಗಿಲ್ಲ, ಅದು ಬ್ಯಾರೆ ಮಾತು. ನನಗ ಮನಸಿಲ್ಲ. ಅದಕ್ಕ ಆಗಂಗಿಲ್ಲ.”

ಹಿರಿಯರೆಲ್ಲ ಯಲ್ಲಪ್ಪನ ಕಡೆ ತಿರುಗಿದರು.

“ಇದನ್ನ ಎಲ್ಲಾರ ಮುಂದ ಹೇಳಬೇಕಿತ್ತೇನವಾ?” ಎಂದ ಯಲ್ಲಪ್ಪ.

“ನೀವೂ ಎಲ್ಲಾರ ಮುಂದನ ಕರದಿದ್ರೆಲ್ಲಾ ಮಾವಾ. ನಾ ಸುಮ್ಮ ಕುಂತ್ರ ನಾಳೆ ಸಪ್ನಾಗ ರಕ್ತ ತೋರಸಾಕ ಒಬ್ಬರೂ ಬರಂಗಿಲ್ಲ. ನನ್ನ ಮ್ಯಾಲೆ ಸಿಟ್ಟಾಗ್ರಿ. ಅಕಿ ಬಾಳ ಹಾಳ ಮಾಡಬ್ಯಾಡ್ರಿ.”

“ಅಪ್ಪಾ, ನನ್ನನ್ನೂ ಯಾರೂ ಕೇಳಿಲ್ಲ” ಎಂದ ಕಾಶಿನಾಥ. ಯಲ್ಲಪ್ಪ ಮಗನನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಕೆಂಚವ್ವನಿಗೆ ತನ್ನ ಮಾತು ಬಿದ್ದುಹೋದ ಬೇಸರವಿತ್ತು. ಆದರೂ ಸುಜಾತಾಳನ್ನು ಕೈ ಹಿಡಿದು ಕೂರಿಸಿದರು. “ಸೊಸಿ ಅಂತ ಬ್ಯಾಡಾದ್ರ ಬಿಡು. ಮನಿಮಗಳಿಗಿ ಉಡಿ ತುಂಬಲಾರದ ಕಳಸೂದಿಲ್ಲ ಈ ಮನ್ಯಾಗ” ಎಂದು ತಾವೇ ಅಕ್ಕಿ ಹಾಕಿದರು. ಅದಾದ ಮೇಲೆ ರಾಧಿಕಾ ಹೆಂಗಸರ ನಡುವೆ ಕುಳಿತು ರಕ್ತ ಎಲ್ಲಿ ಹುಟ್ಟುತ್ತದೆ, ಮಕ್ಕಳಿಗೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಎಂಬುದನ್ನು ಸಂಜೆಯವರೆಗೆ ಹೇಳಿದರು. ಜಾಸ್ತಿ ಪ್ರಶ್ನೆ ಕೇಳಿದವರು ರಾಮವ್ವ.

ಮರುದಿನ ಶಾಲೆಯ ಅಂಗಳದಲ್ಲಿ ರಾಧಿಕಾ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಜನ ತೋಳು ಚಾಚಿದರು. ಮದುವೆಯಾಗದ ಹುಡುಗಿಯರೇ ಹಲವರು. ಯಲ್ಲಪ್ಪ ಇನ್ನೂ ಸುಜಾತಾಳ ಜೊತೆ ಮಾತನಾಡುವುದಿಲ್ಲ. ಆದರೆ ತುಕ್ಕಾನಟ್ಟಿಯ ಚಹಾದಂಗಡಿಯಲ್ಲಿ ಯಾರಾದರೂ ಕಾಶಿನಾಥನ ಸುದ್ದಿ ತೆಗೆದರೆ, “ನನ್ನ ತಂಗಿ ಮಗಳು ಕೊಟ್ಟದ್ದು. ಎರಡ ಟ್ರೇಲರ್ ಹಿಂದಕ ಹೊಡಿತಾಳಲ್ಲ, ಅಕಿನ” ಎಂದು ತಾನಾಗಿಯೇ ಹೇಳುತ್ತಾನೆ.

ಫಲಿತಾಂಶ ಜನವರಿಯಲ್ಲಿ ಬಂತು. ಸಪ್ನಾಳಿಗೆ ಪೂರ್ತಿ ಹೊಂದಿದ್ದು ಮೇಲವಂಕಿಯ ಕಾಜಲ್‌ಳದ್ದು. ಕಾಲೇಜಿನ ಪರೀಕ್ಷೆ ಮುಗಿದ ವಾರವೇ ಅವಳು ರಾಮವ್ವನ ಜೊತೆ ಬೆಂಗಳೂರಿಗೆ ಹೊರಡುತ್ತಾಳೆ.