ಅತ್ತೆಯವರ ಇಂದೂರ ಗಾಡಿ

ನನ್ನ ಅತ್ತೆಯವರ ಅಂಗಾಲು ಹಸುಗೂಸಿನ ಅಂಗಾಲಿನಂತಿತ್ತು. ಐವತ್ತರ ಹತ್ತಿರದ ಹೆಂಗಸು, ನಸುಕಿನಲ್ಲೆದ್ದು ಸಂಜೆಯವರೆಗೆ ಮನೆಯೊಳಗೆ ಒಂದೇ ಸಮನೆ ಓಡಾಡುವವರು. ಆದರೂ ಹಿಮ್ಮಡಿಯಲ್ಲಿ ಒಂದು ಬಿರುಕಿಲ್ಲ, ಮುಳ್ಳು ನೆಟ್ಟ ಒಂದು ಗುರುತಿಲ್ಲ. ಮದುವೆಯಾಗಿ ಬಂದ ದಿನ ಕಾಲಿಗೆ ಬಿದ್ದಾಗ ಅದನ್ನು ನೋಡಿ, ಎಂಥ ಪುಣ್ಯವಂತರಪ್ಪಾ ಎಂದುಕೊಂಡೆ. ನನ್ನ ಕಾಲೋ, ಮೂಡಲಗಿಯ ಎರೆಹೊಲಗಳಲ್ಲಿ ಅಲೆದು ಸೀಳಿಹೋದದ್ದು. ಆ ಮೆತ್ತನೆಯ ಅಂಗಾಲು ಪುಣ್ಯದ್ದಲ್ಲ, ಮಣ್ಣು ಮುಟ್ಟದ್ದು ಎಂದು ತಿಳಿಯಲು ನನಗೆ ಒಂದು ತಿಂಗಳೂ ಬೇಕಾಗಲಿಲ್ಲ.

ಹುಕ್ಕೇರಿಯಿಂದ ಮೂರು ಹರದಾರಿ ದೂರದ ಹಳ್ಳಿಯಲ್ಲಿ ಮಾವನವರದು ದೇಸಗತಿಯ ವಾಡೆ, ಕೋಟೆಯಂಥ ಗೋಡೆಯ ಜಮೀನ್ದಾರಿ ಮನೆ. ಆ ಮನೆಯ ಹೆಂಗಸರಿಗೆ ಗೋಷಾ. ಪರಗಂಡಸರ ಕಣ್ಣಿಗೆ ಬೀಳಬಾರದು. ಗುಡಿಗೆ ಹೋಗಬೇಕೆಂದರೂ ಎತ್ತಿನ ಗಾಡಿಯನ್ನು ಮನೆಯೊಳಗಿನ ಅಂಗಳದ ಚೌಕಕ್ಕೇ ತಂದು, ಸುತ್ತ ಪರದೆ ಕಟ್ಟಿ, ಹತ್ತಿಸಿ ಒಯ್ಯುವರು. ನಮ್ಮಪ್ಪ ಮೂಡಲಗಿಯಲ್ಲಿ ಕಾಳಿನ ವ್ಯಾಪಾರಿ. ದೊಡ್ಡ ಮನೆ ಸಿಕ್ಕಿತೆಂದು ಹಿಗ್ಗಿ, ಏಳನೆಯ ಇಯತ್ತೆ ಓದಿದ್ದ ನನ್ನನ್ನು ತಂದು ಆ ಗೋಡೆಗಳ ನಡುವೆ ಬಿಟ್ಟುಹೋದ. ಇದನ್ನು ಬರೆಯುವಾಗಲೂ ಅವನ ಮೇಲೆ ಸಿಟ್ಟು ಬರುತ್ತದೆ, ಏನು ಮಾಡಲಿ.

ಅತ್ತೆಯವರಿಗೆ ನನ್ನವರೊಬ್ಬರೇ ಮಗ, ಒಬ್ಬಳೇ ಮಗಳು. ಮಗಳು ಹನ್ನೊಂದರ ವಯಸ್ಸಿಗೆ ಇಂದೂರಿನ ಸರದಾರರೊಬ್ಬರ ಮನೆಗೆ ಮದುವೆಯಾಗಿ ಹೋದವಳು, ಹನ್ನೆರಡು ವರ್ಷವಾದರೂ ತವರಿಗೆ ಬಂದಿರಲಿಲ್ಲ. ಅಲ್ಲಿಯೂ ಇದೇ ಗೋಷಾ, ಜೊತೆಗೆ ಹಾಸಿಗೆ ಹಿಡಿದ ಅವಳ ಅತ್ತೆ. ಬರುತ್ತಿದ್ದುದು ಕಾಗದ ಮಾತ್ರ. ಅತ್ತೆಯವರಿಗೆ ಓದು ಬಾರದು. ಮನೆಯ ಕಾರಕೂನ ಬಾಗಿಲಾಚೆ ನಿಂತು ಓದಿ, "ಎಲ್ಲಾರೂ ಆರಾಮ ಅದಾರ್ರಿ ಬಾಯಿಸಾಹೇಬರ" ಎಂದು ಮುಗಿಸಿಬಿಡುತ್ತಿದ್ದ. ನಾನು ಬಂದ ಮೇಲೆ ಒಂದು ಮಧ್ಯಾಹ್ನ ಅತ್ತೆಯವರು ಹಳೆಯ ಕಾಗದಗಳ ಗಂಟನ್ನೇ ತಂದು ನನ್ನ ಮುಂದಿಟ್ಟರು.

"ಸುಮ್ನ ಓದು. ಅಕಿ ಮಾತು ಹೆಣ್ಣ ದನಿಯೊಳಗ ಕೇಳೂಣಂತ."

ಓದಿದೆ. ಒಂದೊಂದು ಕಾಗದದ ಕೊನೆಗೂ ಅದೇ ಮಾತು: ಅವ್ವಾ, ನಿನ್ನ ಮಾರಿ ಮರಿಯಾಕತ್ತೇನಿ, ಒಮ್ಮೆ ಬಂದು ಹೋಗ. ಇಂಥದ್ದನ್ನು ಬಾಯಿಸಾಹೇಬರ ಮುಂದೆ ಗಟ್ಟಿಯಾಗಿ ಓದುವುದು ಮರ್ಯಾದೆಯಲ್ಲವೆಂದು ಆ ಪುಣ್ಯಾತ್ಮ ಕಾರಕೂನ ಹನ್ನೆರಡು ವರ್ಷ ನುಂಗಿಕೊಂಡು ಕೂತಿದ್ದ! ನನಗೆ ಮೈಯೆಲ್ಲ ಉರಿಯಿತು. ಅತ್ತೆಯವರು ಅಳಲಿಲ್ಲ, ಬೈಯಲೂ ಇಲ್ಲ. ಕಾಗದಗಳನ್ನು ಮಡಚಿಟ್ಟು ನೇರ ಮಾವನವರ ಕೋಣೆಗೆ ನಡೆದು, ಇಂದೂರಿಗೆ ಹೋಗಿ ಮಗಳನ್ನು ನೋಡಿಬರಬೇಕು ಎಂದರು.

ಮಾವನವರು ಕೆಟ್ಟವರಲ್ಲ. ಹೆಂಡತಿ ಎಂದೂ ಏನೂ ಕೇಳದವಳು ಕೇಳಿದ್ದಾಳೆಂದು ಅವರೂ ಕರಗಿದರು. ಆದರೆ ರೈಲಿನ ಮಾತೆತ್ತಿದ ಕೂಡಲೇ ಸಿಡಿದರು. "ಮಿರಜಿನ್ಯಾಗ ಇಳೀಬೇಕು, ಪುಣೆದಾಗ ಇಳೀಬೇಕು. ಇಡೀ ಸ್ಟೇಶನ್ ಫಲಾಟದ ಮಂದಿ ನಮ್ಮ ಮನಿ ಹೆಂಗಸರನ್ನ ನೋಡ್ಲಿ ಅಂತೇನು?" ಆಗ ಅವರ ಬಳಿ ಹೊಸ ಮೋಟಾರು ಕಾರಿತ್ತು. ಕೊಲ್ಲಾಪುರದಲ್ಲಿ ಯಾವನೋ ಸಾಹೇಬ ತನ್ನ ಮೋಟಾರಿನ ಹಿಂದೆ ಗಾಲಿಯ ಮೇಲೊಂದು ಪುಟ್ಟ ಮನೆಯನ್ನೇ ಕಟ್ಟಿಕೊಂಡು ಶಿಕಾರಿಗೆ ಹೊರಟದ್ದನ್ನು ಅವರು ಕಂಡಿದ್ದರು. "ಅಂಥಾದ್ದೊಂದು ಮಾಡಸೂಣು. ಚೌಕದಾಗ ಹತ್ತಿದವರು ಇಂದೂರದ ಚೌಕದಾಗ ಇಳದರಾತು," ಎಂದರು. ಅತ್ತೆಯವರು ಆ ಮಾತನ್ನು ನೆಲಕ್ಕೆ ಬೀಳಗೊಡಲಿಲ್ಲ.

ಮುಂದಿನ ಒಂದೂವರೆ ವರ್ಷ ನಮ್ಮ ಮನೆಯಲ್ಲಿ ಬೇರೆ ಸುದ್ದಿಯೇ ಇಲ್ಲ. ನನ್ನವರಿಂದ ಒಂದು ದೊಡ್ಡ ನಕಾಶೆ ತರಿಸಿ ನೆಲದ ಮೇಲೆ ಹಾಸಿದೆವು. ನಾನು ಊರ ಹೆಸರು ಓದಬೇಕು, ಅವರು ಮುಕ್ಕಾಮಿಗೊಂದು ತೊಗರಿಕಾಳು ಇಡಬೇಕು. ಸಂಕೇಶ್ವರ, ನಿಪ್ಪಾಣಿ, ಕೊಲ್ಲಾಪುರ, ಕರಾಡ, ಸಾತಾರ, ಪುಣೆ, ನಾಸಿಕ, ಧುಳೆ, ಆಮೇಲೆ ನರ್ಮದೆ. ಹದಿನೈದು ದಿನಕ್ಕೆ ಆ ಸಾಲು ಅವರಿಗೆ ಬಾಯಿಪಾಠವಾಯಿತು. ರೊಟ್ಟಿ ತಟ್ಟುತ್ತ ತಟ್ಟುತ್ತ ತಟ್ಟನೆ ಕೇಳುವರು: "ಕರಾಡದಾಗ ನೀರು ಸಿಗತೈತೇನು?" ನಾನೇನು ಕರಾಡ ಕಂಡವಳೇ? "ಹೊಳಿ ಐತ್ರಿ," ಎನ್ನುವೆ. "ಹಂಗಾರ ಅರಿವಿ ಅಲ್ಲೇ ಒಗಿಯೂಣು," ಎಂದು ಅವರು ತೀರ್ಮಾನಿಸುವರು.

ಅವರ ಬುದ್ಧಿ ಅಷ್ಟು ಚುರುಕೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲವೇನೋ. ತಿಂಗಳುಗಟ್ಟಲೆ ಕೆಡದ ಕಟಕರೊಟ್ಟಿ ಎಷ್ಟು, ಶೇಂಗಾ ಚಟ್ನಿ ಎಷ್ಟು ಎಂದು ಗೋಡೆಗೆ ಸುಣ್ಣದ ಗೆರೆ ಎಳೆದರು. ನಮ್ಮನ್ನೆಲ್ಲ ಸಾಲಾಗಿ ನೆಲದ ಮೇಲೆ ಮಲಗಿಸಿ ಹಗ್ಗದಿಂದ ಅಳೆದರು. ನಮ್ಮ ದಪ್ಪ ಮುದುಕಿ ಆಳು ಉಸಿರು ಒಳಗೆ ಹಿಡಿದು ತೆಳ್ಳಗಾಗಲು ನೋಡಿ ಬೈಸಿಕೊಂಡಳು. ಗಾಡಿ ಅಲುಗಿದರೆ ಮಜ್ಜಿಗೆ ಎಷ್ಟು ಚೆಲ್ಲುತ್ತದೆಂದು ತಿಳಿಯಲು, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತೂಗುಮಂಚದ ಮೇಲೆ ಕೂತು, "ಜೋರ್ ತೂಗ, ಇನ್ನೂ ಜೋರ್ ತೂಗ, ಘಾಟದ ರಸ್ತೆ ಐತಿ!" ಎಂದು ನನಗೆ ಕೂಗುತ್ತಿದ್ದರು. ಇಬ್ಬರೂ ತಲೆಯಿಂದ ಕಾಲವರೆಗೆ ಮಜ್ಜಿಗೆಯಾದೆವು. ಅವರು ಬಾಯಿ ತೆರೆದು ನಕ್ಕದ್ದನ್ನು ನಾನು ಅಂದು ಮೊದಲ ಸಲ ನೋಡಿದೆ.

ಗಾಡಿ ಕಟ್ಟಲು ಗೋಕಾಕದಿಂದ ಒಬ್ಬ ಬಡಿಗೇರನನ್ನು ಕರೆಸಿದರು. ಕೆಲಸವೆಲ್ಲ ಒಳಗಿನ ಚೌಕದಲ್ಲೇ ನಡೆಯಿತು, ಯಾಕೆಂದರೆ ಅತ್ತೆಯವರು ನೋಡಿ ಹೇಳಬೇಕಲ್ಲ, ಅವರು ಹೊರಗೆ ಹೋಗುವ ಹಾಗಿಲ್ಲ. ಕಬ್ಬಿಣ, ಕಟ್ಟಿಗೆ, ಗಾಲಿ ಒಂದೊಂದಾಗಿ ಒಳಗೆ ಬಂದವು. ಅತ್ತೆಯವರು ಬಿದಿರು ಕಡ್ಡಿಯ ಚಿಕ್ಕಿನ ಪರದೆಯ ಹಿಂದೆ ನಿಂತು ಮಾತಾಡುವರು, ಬಡಿಗೇರ ಗೋಡೆಗೆ ಮುಖ ಮಾಡಿ "ಹೂನ್ರಿ, ಹೂನ್ರಿ" ಎನ್ನುವನು. ಅರ್ಧ ಕೆಲಸವಾದಾಗ ಒಂದು ದಿನ ಅತ್ತೆಯವರಿಗೆ ಹೊಳೆಯಿತು. "ಬರೂವಾಗ ಮಗಳನ್ನ ಕರ್ಕೊಂಡ ಬರ್ತೇವಿ. ಅಕಿಗೆ ಮಲಗಾಕ ಜಾಗಾ ಎಲ್ಲೈತಿ? ಬಡಿಗ್ಯಾರ, ಒಂದು ಗೇಣು ಅಗಲ ಹೆಚ್ಚ ಮಾಡ." ಅವನು ಅಳತೆಯ ಕೋಲನ್ನು ಎತ್ತಿ ಮತ್ತೆ ಕೆಳಗಿಟ್ಟ. ಆಮೇಲೆ, "ಆತ್ರಿ ಬಾಯಿಸಾಹೇಬರ," ಎಂದ.

ಹೊರಡುವ ದಿನ ಬಂತು. ಮಗಳಿಗೆ ಕಾಗದ ಹೋಗಿ ಅವಳ ಉತ್ತರವೂ ಬಂದಿತ್ತು: ದಿನಾ ಬೆರಳೆಣಿಸುತ್ತಿದ್ದೇನೆ ಎಂದು. ಬೆಳಗಿನ ಮುಹೂರ್ತಕ್ಕೆ ಚೌಕದಲ್ಲೇ ಅತ್ತೆಯವರು, ನಾನು, ಆ ಮುದುಕಿ ಆಳು ಮೂವರೂ ಗಾಡಿ ಹತ್ತಿದೆವು. ಹಿಂದಿನ ಬಾಗಿಲು ಹಾಕಿಕೊಂಡೆವು. ಆಮೇಲೆ ಎಂಟು ಜನ ಆಳುಗಳು ಒಳಗೆ ಬಂದು, ಬಾಗಿಲಾಚೆ ನಿಂತ ಮೋಟಾರಿನವರೆಗೆ ಗಾಡಿಯನ್ನು ತಳ್ಳತೊಡಗಿದರು. ಅತ್ತೆಯವರು ನನ್ನ ಕೈ ಹಿಡಿದುಕೊಂಡಿದ್ದರು. ಗಾಡಿ ಉರುಳಿತು, ಕತ್ತಲೆಯಾಯಿತು, ಧಡ್ ಎಂದು ನಿಂತಿತು.

ತಲೆಬಾಗಿಲಲ್ಲಿ ಸಿಕ್ಕಿಬಿದ್ದಿತ್ತು. ಎರಡೂ ಕಡೆಯ ಜಾಲರಿ ಕಿಂಡಿಯಿಂದ ನೋಡಿದರೆ ಮೂಗಿನ ಮುಂದೆ ಬರೀ ಕಲ್ಲು. ಮುಂದಿನಿಂದ ಎಳೆದರು, ಹಿಂದಿನಿಂದ ತಳ್ಳಿದರು. ಅದು ಇನ್ನಷ್ಟು ಬಿಗಿಯಾಯಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ನಾವು ಇಳಿಯೋಣವೆಂದರೆ ಚೌಕದ ತುಂಬ ಗಂಡಸರು. ಅವರು ಹೊರಗೆ ಹೋಗಲೆಂದರೆ ಇರುವ ಒಂದೇ ಬಾಗಿಲಿಗೆ ನಾವೇ ಅಡ್ಡ. ಹಿತ್ತಲ ದಾರಿ ಇತ್ತು, ಆದರೆ ಅದು ಅಡುಗೆಮನೆ, ದೇವರಮನೆಯ ಮೂಲಕ. ಅಲ್ಲಿ ಆಳುಗಳನ್ನು ಬಿಡಲು ಮಾವನವರು ಸುತರಾಂ ಒಪ್ಪಲಿಲ್ಲ. ಹೊರಗೆ ಅವರು ಬಡಿಗೇರನ ಮೇಲೆ ಹರಿಹಾಯುವುದು ಕೇಳುತ್ತಿತ್ತು. ಅವನ ಅಳುದನಿಯೂ ಕೇಳಿತು: "ಮೊದಲಿನ ಅಳತಿ ಬರೋಬರಿ ಇತ್ರೀ ಧಣಿ! ಬಾಯಿಸಾಹೇಬರು ಒಂದು ಗೇಣು ಹೆಚ್ಚ ಅಂದ್ರು. ಅವರಿಗೆ ನಾ ಹೆಂಗ ಇಲ್ಲ ಅನ್ಲಿ? ಚೌಕಟ್ಟ ಕೀಳಸ್ತೀರಿ ಅನಕೊಂಡ್ನಿರಿ!"

ಬಿಸಿಲೇರಿತು. ಒಳಗೆ ಉಸಿರು ಕಟ್ಟತೊಡಗಿತು. ಮುದುಕಿ ಅಳುತ್ತಿದ್ದಳು, ನನಗೂ ಜೀವ ಹೋಗುವಷ್ಟು ಹೆದರಿಕೆ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಅತ್ತೆಯವರು ಎದ್ದು ಹಿಂದಿನ ಬಾಗಿಲು ತೆರೆದು ಇಳಿದೇಬಿಟ್ಟರು.

ಎಂಟೂ ಜನ ಬೆಚ್ಚಿ ಗೋಡೆಗೆ ಮುಖ ತಿರುಗಿಸಿದರು. ಅತ್ತೆಯವರು ಯಾರತ್ತಲೂ ನೋಡಲಿಲ್ಲ. ಗಾಡಿಯ ಮೂಲೆ ಕಲ್ಲಿಗೆ ಸಿಕ್ಕಿದ ಜಾಗಕ್ಕೆ ಹೋಗಿ ಆ ಚೌಕಟ್ಟಿನ ಮೇಲೆ ಕೈಯಾಡಿಸಿದರು. ಆಚೆಯಿಂದ ಮಾವನವರು ಕೂಗಿದರು: "ಏನ್ ಮಾಡಾಕತ್ತೀರಿ? ಒಳಗ ಹೋಗ್ರಿ!"

"ಹೋಗ್ತೇನ್ರಿ. ಮೂವತ್ತೈದು ವರ್ಷ ಆತು ಈ ಮನಿಗೆ ಬಂದು. ಈ ಬಾಗಲಾ ಎಷ್ಟ ಅಗಲ ಐತಿ ಅಂತ ಇವತ್ತ ನೋಡಾಕತ್ತೇನಿ," ಎಂದರು ಅತ್ತೆಯವರು. ದನಿ ಏರಿಸಲಿಲ್ಲ. ಸೆರಗು ಸರಿಮಾಡಿಕೊಂಡು ಒಳಗೆ ನಡೆದರು.

ಸಂಜೆಗೆ ಹಾರೆ ಹಾಕಿ ಗಾಡಿಯನ್ನು ಚೌಕಕ್ಕೇ ವಾಪಸು ತಂದರು. ಎರಡು ವಾರದಲ್ಲಿ ಬಿಚ್ಚಿ ಹೊರಗೆ ಜೋಡಿಸುತ್ತೇನೆಂದು ಬಡಿಗೇರ ಕಾಲು ಹಿಡಿದ. ಹೊಸ್ತಿಲಲ್ಲೇ ತಡೆಯಾದ ಪ್ರಯಾಣ ಅಪಶಕುನ, ಈ ವರ್ಷ ಬೇಡ ಎಂದುಬಿಟ್ಟರು ಮಾವನವರು. ಮರುವರ್ಷದ ಹೊತ್ತಿಗೆ ಯುದ್ಧ ಶುರುವಾಗಿತ್ತು. ಆಮೇಲೆ ಪೆಟ್ರೋಲಿಗೆ ಕೂಪನ್ನು ಬಂದು ಮೋಟಾರು ಕೊಟ್ಟಿಗೆ ಸೇರಿತು. ಗಾಡಿಯ ಮಾಡಿನ ಮೇಲೆ ನಾವು ಮೆಣಸಿನಕಾಯಿ ಒಣಗಿಸಿದೆವು. ಅತ್ತೆಯವರು ಮಗಳಿಗೆ ನನ್ನಿಂದ ಬರೆಸಿದ್ದು ಇಷ್ಟೇ: "ಗಾಲಿ ಮುರೀತು ಅಂತ ಬರಿ. ಬಾಗಲದ್ದು ಬರೀಬ್ಯಾಡ, ಅಕಿ ಹೊಟ್ಟಿ ಉರಿತೈತಿ." ನಕಾಶೆಯನ್ನು ಅವರು ಮತ್ತೆ ಬಿಚ್ಚಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿತ್ತಲ್ಲ, ಅದನ್ನು ಯಾರಿಗೆ ಬರೆಯಲಿ?

ಮೋಟಾರು ಕೊಟ್ಟಿಗೆ ಸೇರಿ ಎರಡು ವರ್ಷ ಕಳೆದಿತ್ತು. ಮೂಡಲಗಿಯಲ್ಲಿ ನಮ್ಮವ್ವನಿಗೆ ಜಡ್ಡು ವಿಪರೀತವಾಗಿದೆ ಎಂದು ಒಬ್ಬ ಆಳು ಓಡಿಬಂದ. ಎತ್ತು ಹೊಲದಲ್ಲಿವೆ, ನಾಳೆ ಪರದೆ ಗಾಡಿ ಕಟ್ಟಿಸೋಣ ಎಂದರು ಮಾವನವರು. ಅತ್ತೆಯವರು ನನ್ನ ರಟ್ಟೆ ಹಿಡಿದು ತಲೆಬಾಗಿಲಿಗೆ ಎಳೆದೊಯ್ದರು.

"ರಸ್ತಾಕ್ಕ ಗೋಕಾಕದ ಬಸ್ಸು ಬರ್ತೈತಿ. ನಡಕೊಂತ ಹೋಗ."

"ಹೆಂಗ್ ಹೋಗ್ಲಿರಿ? ಮಂದಿ..."

"ಮಂದಿ ನೋಡಿದ್ರ ನೀ ಸಾಯೂದಿಲ್ಲ. ನೋಡದ ನಿಮ್ಮವ್ವ ಸತ್ತರ ಮುಂದ? ನಡಿ. ಇವರಿಗೆ ನಾ ಹೇಳ್ತೇನಿ."

ಹಾಗೆಂದು ಹೊಸ್ತಿಲ ಮೇಲೆ ನಿಂತುಬಿಟ್ಟರು, ಮುಖದ ಮೇಲೆ ಸೆರಗು ಇಳಿಬಿಡದೆ, ಇಡೀ ಓಣಿಗೆ ಕಾಣುವಂತೆ. ಮಾವನವರು ಹಿಂದೆ ಬಂದವರು, ಹೆಂಡತಿ ಹಾಗೆ ನಿಂತದ್ದು ನೋಡಿ ತಿರುಗಿ ಒಳಗೆ ಹೋದರು. ನಾನು ಬೀದಿಯಲ್ಲಿ ನಡೆದೆ. ಒಮ್ಮೆ ತಿರುಗಿ ನೋಡಿದರೆ ಕೈ ಬೀಸಿ ಹೋಗು ಹೋಗು ಎಂದು ಗದರಿಸಿದರು. ಹೊಗೆಯುಗುಳುವ ಇದ್ದಿಲ ಬಸ್ಸಿನಲ್ಲಿ ಗೋಕಾಕಕ್ಕೆ, ಅಲ್ಲಿಂದ ಮೂಡಲಗಿಗೆ ಹೋದೆ. ನಮ್ಮವ್ವ ಇನ್ನೂ ನಾಲ್ಕು ದಿನ ಇದ್ದಳು. ನನ್ನ ಕೈಯಿಂದಲೇ ಗಂಜಿ ಕುಡಿದಳು, ನನ್ನ ಹೆಸರು ಹಿಡಿದು ಕರೆದಳು. ಆ ನಾಲ್ಕು ದಿನ ನನಗೆ ಕೊಟ್ಟವರು ಅತ್ತೆಯವರು. ನಾನು ಏಳು ಜನ್ಮ ಎತ್ತಿದರೂ ಆ ಋಣ ತೀರುವುದಿಲ್ಲ.

ಆ ಸಲದ ಮಳೆಗಾಲದ ಜ್ವರದಲ್ಲಿ ಅತ್ತೆಯವರು ತೀರಿಕೊಂಡರು. ಮೂರನೆಯ ದಿನದಿಂದ ಎಚ್ಚರವಿರಲಿಲ್ಲ, ಒಂದು ಮಾತೂ ಆಡಲಿಲ್ಲ.

ವರ್ಷ ತುಂಬಿದ ಮೇಲೆ, ನಾದಿನಿಯನ್ನು ನೋಡಿಬರಲೇಬೇಕೆಂದು ನಾನು ಹಟ ಹಿಡಿದೆ. ತಂದೆಯ ಮುಂದೆ ಎಂದೂ ತುಟಿ ಬಿಚ್ಚದ ನನ್ನವರು ಅಂದು ಮೊದಲ ಸಲ ಬಿಚ್ಚಿದರು. ಗೋಕಾಕ ರೋಡ ಸ್ಟೇಶನ್ನಿನಲ್ಲಿ ರೈಲು ಹತ್ತಿ ಇಬ್ಬರೂ ಇಂದೂರಿಗೆ ಹೋದೆವು. ನಾದಿನಿ ಒಳಗಿನ ಕೋಣೆಯಲ್ಲಿ ನನ್ನನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. ಕನ್ನಡ ಆಗಲೇ ಅವಳ ನಾಲಿಗೆಯಲ್ಲಿ ತಡವರಿಸುತ್ತಿತ್ತು. ಕಣ್ಣೊರೆಸಿಕೊಂಡು, ನೀರು ಕೊಟ್ಟು, ದಾರಿಯಲ್ಲಿ ಬಹಳ ತ್ರಾಸಾಯಿತೇ, ಎಷ್ಟು ದಿನ ಹಿಡಿಯಿತು ಎಂದು ಕೇಳಿದಳು.

"ಎರಡು ದಿನ," ಎಂದೆ.

"ಎರಡ?" ಎಂದಳು. ನೀರಿನ ತಂಬಿಗೆಯನ್ನು ಕೆಳಗಿಟ್ಟಳು. "ಅವ್ವ ಇಷ್ಟ ಹತ್ತರ ಇದ್ಲೇನು?"