ಚಾಚಿಯ ಬಿಳಿ ಮುಲಾಮು

ಚಾಚಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಮದುವೆಯಾಗಿ ಶಹಾಬಾದಿಗೆ ಬಂದಾಗಿನಿಂದ ಇಪ್ಪತ್ತು ವರ್ಷ ಪಾಲಿಶ್ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಹಸಿ ಫರಸಿ ಕಲ್ಲು ತಿಕ್ಕಿ ತಿಕ್ಕಿ ನುಣ್ಣಗಾಗಿಬಿಟ್ಟಿದ್ದವು. ರೇಷನ್ ಅಂಗಡಿಯ ಯಂತ್ರದ ಮೇಲೆ ಎಷ್ಟು ಸಲ ಹೆಬ್ಬೆರಳು ಒತ್ತಿದರೂ ಅದು ಅವರನ್ನು ಗುರುತಿಸುತ್ತಿರಲಿಲ್ಲ. “ನಾ ಇದ್ದೀನಿ ಅಂತ ಕಲ್ಲಿಗಿ ಗೊತ್ತದ, ಈ ಮಿಷನ್ನಿಗಿ ಗೊತ್ತಿಲ್ಲ ನೋಡ್ರಿ” ಎಂದು ನಕ್ಕು, ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಿದ್ದರು.

ನಮ್ಮ ಮನೆ, ಅವರ ಮನೆ ಒಂದೇ ಗೋಡೆಯವು. ಓಣಿಗೆಲ್ಲ ಅವರು ಚಾಚಿ, ಹಾಗಾಗಿ ನನಗೂ ಚಾಚಿ. ನಮ್ಮದು ಮಡಿಯ ವೈಷ್ಣವರ ಮನೆ. ಅಲ್ಲಿ ಉಳ್ಳಾಗಡ್ಡಿ ಕೂಡ ಅತ್ತೆಯ ಕಣ್ಣು ತಪ್ಪಿಸಿಯೇ ಒಳಗೆ ಬರಬೇಕು. ಚಾಚಿಯದು ಕುರಿಯ ಕೊಬ್ಬು ಕರಗಿಸುವ ಮನೆ.

ಗಂಡ ತೀರಿಕೊಂಡು, ಮಗಳನ್ನು ವಾಡಿಗೆ ಮದುವೆ ಮಾಡಿಕೊಟ್ಟ ಮೇಲೆ ಅವರು ಕಲ್ಲಿನ ಕೆಲಸ ಬಿಟ್ಟು ಮುಲಾಮು ಮಾಡತೊಡಗಿದ್ದರು. ಕಟುಕರ ಅಂಗಡಿಯಿಂದ ಗಟ್ಟಿ ಕೊಬ್ಬನ್ನೇ ಆರಿಸಿ ತಂದು, ಸಣ್ಣಗೆ ಹೆಚ್ಚಿ, ನೀರು ಮತ್ತು ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಸೋಸುವುದು. ಆರಿದ ಮೇಲೆ ಬಿಳಿ ಬಿಲ್ಲೆಯಂತೆ ಕಟ್ಟಿಕೊಂಡದ್ದನ್ನು ಎತ್ತಿ, ತಳದ ಕಸ ಕೆರೆದು ಮತ್ತೆ ಕರಗಿಸುವುದು. ಹೀಗೆ ಮೂರು ಸಲ, ವಾಸನೆ ಹೋಗುವ ತನಕ. ದಿನವಿಡೀ ನೀರಿನಲ್ಲಿ ನೆನೆದು ಕೈ ಬಿರಿದ ಪಾಲಿಶ್ ಹೆಂಗಸರು ಭಂಕೂರಿನಿಂದಲೂ ಬಂದು ಒಯ್ಯುತ್ತಿದ್ದರು. ಆದರೆ ಬಂದವರಿಗೆಲ್ಲ ಎತ್ತಿ ಕೊಡುವ ಜನ ಅವರಲ್ಲ. ಮೊದಲು ಮೊಳಕೈ ಒಳಗೆ ಕಡಲೆಕಾಳಿನಷ್ಟು ಹಚ್ಚಿಕೊಂಡು ಹೋಗಿ ಎರಡು ದಿನ ಬಿಟ್ಟು ಬಂದು ತೋರಿಸಬೇಕು. ಕೆಂಪಾಗಿದ್ದರೆ ಎಷ್ಟು ಗೋಗರೆದರೂ ಇಲ್ಲ. ಎಲ್ಲಾದರೂ ರಕ್ತವೋ ನೀರೋ ಒಸರುತ್ತಿದ್ದರೆ ಬೈದು ಅಟ್ಟುತ್ತಿದ್ದರು. “ಒಣ ಚರ್ಮಕ್ಕ ನಾನು, ಹಸಿ ಗಾಯಕ್ಕ ದವಾಖಾನಿ” ಎನ್ನುವುದು ಅವರ ಕಾಯಂ ಮಾತು.

ಆಗ ನನ್ನ ಮಗಳಿಗೆ ನಾಲ್ಕು ವರ್ಷ. ಹುಟ್ಟಿನಿಂದಲೂ ಅವಳ ಚರ್ಮ ಸೂಕ್ಷ್ಮ. ಮೊಳಕೈ, ಮೊಣಕಾಲಿನ ಸಂದಿಗಳು ಒಣಗಿ, ಬಿರಿದು, ತುರಿಸಿ ತುರಿಸಿ ಉಗುರಿನ ತುಂಬ ರಕ್ತ. ಸೋಪು ಬದಲಾಯಿಸಿದೆವು, ಎಣ್ಣೆ ಬದಲಾಯಿಸಿದೆವು. ಡಾಕ್ಟರ ಔಷಧಿಯಿಂದ ಕಡಿಮೆಯಾಗಿ ಮತ್ತೆ ಬರುತ್ತಿತ್ತು. ಗಾಯ ಪೂರ್ತಿ ಒಣಗಿದ್ದ ಒಂದು ದಿನ ಚಾಚಿಯೇ ಕರೆದು, ಅವಳ ಮೊಳಕೈಗೆ ಹಚ್ಚಿ, ಎರಡು ದಿನ ಕಾದು ನೋಡಿ, ಸಣ್ಣ ಸ್ಟೀಲ್ ಡಬ್ಬಿ ಕೊಟ್ಟರು. ಇದರಿಂದ ರೋಗ ಹೋಗುವುದಿಲ್ಲ, ಚರ್ಮ ಮೆತ್ತಗಿರುತ್ತದೆ ಅಷ್ಟೇ, ಡಾಕ್ಟರ ಔಷಧಿ ಬಿಡಬೇಡಿ, ಒಣ ಕೈಯಿಂದಲೇ ತೆಗೆಯಿರಿ ಎಂದೆಲ್ಲ ಹೇಳಿದರು. ತಿಂಗಳೊಳಗೆ ಮಗಳು ತುರಿಸುವುದು ಅರ್ಧಕ್ಕರ್ಧ ಇಳಿಯಿತು. ಅಂಗಳದಲ್ಲಿ ಕುಂಟಾಬಿಲ್ಲೆ ಆಡತೊಡಗಿದಳು. ನಾನು ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ.

ಮನೆಯಲ್ಲಿ ಮಾತ್ರ ಅದು ಕಲಬುರಗಿಯ ಅಂಗಡಿಯಿಂದ ತಂದ ಆಯುರ್ವೇದದ ಮುಲಾಮು ಎಂದು ಹೇಳಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಆದರೆ ಕುರಿಯ ಕೊಬ್ಬು ಹಚ್ಚಿಕೊಂಡ ಕೈಯಲ್ಲೇ ಮಗಳು ದೇವರ ಹೂಬುಟ್ಟಿ ಮುಟ್ಟಿದಾಗೆಲ್ಲ ಯಾರೂ ನೋಡದ ಹಾಗೆ ಹೂವಿನ ಮೇಲೆ ನೀರು ಚಿಮುಕಿಸುತ್ತಿದ್ದೆ. ನಮ್ಮಲ್ಲಿ ಗುರುಗಳ ಬೃಂದಾವನದಿಂದ ತಂದ ಪವಿತ್ರ ಮಣ್ಣನ್ನು, ಮೃತ್ತಿಕೆಯನ್ನು, ದೇವರ ಮುಂದೆ ಭರಣಿಯಲ್ಲಿ ಇಡುತ್ತಾರೆ. ಜ್ವರ ಬಂದರೆ ಹಣೆಗೆ ಅದೇ, ಮೈಲಿಗೆಯಾದರೆ ಅದೇ. ಅದು ಬೆರೆತರೆ ಎಲ್ಲವೂ ಶುದ್ಧ ಎಂದು ಚಿಕ್ಕಂದಿನಿಂದ ಕೇಳಿದವಳು ನಾನು. ಒಂದು ಏಕಾದಶಿಯ ಬೆಳಿಗ್ಗೆ ಎರಡು ಚಿಟಿಕೆ ಮೃತ್ತಿಕೆ ತೆಗೆದು ಮುಲಾಮಿನ ಡಬ್ಬಿಯಲ್ಲಿ ಕಲಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ವಾರ ಮಗಳು ಮತ್ತೆ ತುರಿಸಿಕೊಂಡು ಮೊಣಕಾಲಿನ ಹಿಂದೆ ಹಸಿಯಾಗಿತ್ತು. ಚಾಚಿಯ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಗುರುಗಳ ಮಣ್ಣಿದೆಯಲ್ಲ, ಏನಾಗುತ್ತದೆ ಎಂದುಕೊಂಡು ಹಚ್ಚಿದೆ.

ಮೂರನೆಯ ದಿನಕ್ಕೆ ಕಾಲು ಬಾತು, ಕೀವು ತುಂಬಿ, ಮೈ ಕೆಂಡವಾಯಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಎಂಟು ದಿನ. ಕೀವು ಕೊಯ್ದು ತೆಗೆಯುವಾಗ ಮಗಳು ಅರಚಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಏನು ಹಚ್ಚಿದ್ದಿರಿ ಎಂದು ಡಾಕ್ಟರು ಕೇಳಿದರು. ಪಕ್ಕದಲ್ಲಿ ಅತ್ತೆ, ನಮ್ಮವರು ಇದ್ದರು. ಕುರಿಯ ಕೊಬ್ಬು, ಪಕ್ಕದ ಮನೆಯ ಚಾಚಿ ಕೊಟ್ಟಿದ್ದು ಎಂದೆ. ಅಷ್ಟಕ್ಕೇ ನಿಲ್ಲಿಸಿದೆ.

ಊರಿಗೆ ಮರಳಿದ ದಿನವೇ ಅತ್ತೆ ಆ ಡಬ್ಬಿಯನ್ನು ಕೋಲಿನಿಂದ ತಳ್ಳಿಕೊಂಡು ಹೋಗಿ ಚಾಚಿಯ ಕಟ್ಟೆಯ ಮುಂದೆ ಬಿಟ್ಟರು. ನಮ್ಮ ಕೂಸನ್ನು ಕೊಲ್ಲಲಿಕ್ಕೆ ಕೊಟ್ಟಿದ್ದೇನು ಎಂದು ಓಣಿಯೆಲ್ಲ ಕೇಳುವಂತೆ ಕೂಗಿದರು. ಚಾಚಿ ಡಬ್ಬಿ ಎತ್ತಿಕೊಂಡು, ಮುಚ್ಚಳ ತೆಗೆದು, ಒಂದಿಷ್ಟನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ತಿಕ್ಕಿದರು. ಇನ್ನೊಮ್ಮೆ ತಿಕ್ಕಿದರು. ಆಮೇಲೆ ತಲೆಯೆತ್ತಿ ನೋಡಿದ್ದು ಅತ್ತೆಯನ್ನಲ್ಲ, ಬಾಗಿಲ ಒಳಗೆ ನಿಂತಿದ್ದ ನನ್ನನ್ನು.

ಮರುದಿನ ನಳದ ಹತ್ತಿರ ಇಬ್ಬರೇ ಇದ್ದಾಗ ಮೆಲ್ಲಗೆ ಕೇಳಿದರು. “ಒಂದ ಮಾತ ಕೇಳ್ತೀನ್ರಿ ಟೀಚರ್ ಬಾಯಿ. ಅದ್ರಾಗ ಮಣ್ಣು ಹ್ಯಾಂಗ ಬಂತು?”

“ನಂಗ ಗೊತ್ತಿಲ್ರಿ ಚಾಚಿ.”

ಅವರು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡರು. “ಆತು ಬಿಡ್ರಿ. ಕೂಸು ಹ್ಯಾಂಗದ ಈಗ?”

ನಾನು ಶಾಲೆಯಲ್ಲಿ ಮಕ್ಕಳಿಗೆ ನಿಜ ನುಡಿಯಿರಿ ಎಂದು ಪಾಠ ಹೇಳುವವಳು.

ಮುಲಾಮಿಗೆ ಬರುವವರು ನಿಂತರು. ಎದುರು ಮನೆಯವರು ಚಾಚಿ ಹಂಚಿದ ಮೊಹರಮ್ಮಿನ ಸಿಹಿ ಚೊಂಗೆಯನ್ನೂ ತೆಗೆದುಕೊಳ್ಳಲಿಲ್ಲ. ಒಂದು ವರ್ಷ ನೋಡಿ ಚಾಚಿ ಮತ್ತೆ ಪಾಲಿಶ್ ಕಾರ್ಖಾನೆಗೆ ಹೊರಟರು, ಅರವತ್ತರ ಹತ್ತಿರ ಹತ್ತಿರ. ಆ ವಯಸ್ಸಿಗೆ ಸಿಕ್ಕಿದ್ದು ಕಲ್ಲು ಕೊಯ್ಯುವಲ್ಲಿ ಬೂದಿಯಂಥ ಪುಡಿ ಗುಡಿಸುವ ಕೆಲಸ. ಕೆಮ್ಮು ಹಿಡಿಯಿತು. ಗೋಡೆಯಾಚೆಯಿಂದ ದಿನವೂ ಕೇಳುತ್ತಿತ್ತು. ದಾರಿಯಲ್ಲಿ ಸಿಕ್ಕರೆ ಮಗಳ ಕಾಲು ವಾಸಿಯಾಯಿತೇ, ಕಲೆ ಉಳಿಯಿತೇ ಎಂದೇ ವಿಚಾರಿಸುತ್ತಿದ್ದರು. ಮಣ್ಣಿನ ಮಾತು ಮತ್ತೆ ಎತ್ತಲಿಲ್ಲ. ನಾಳೆ ಹೇಳಿದರಾಯಿತು, ಅತ್ತೆಯ ಆರೋಗ್ಯ ಸುಧಾರಿಸಲಿ, ಶ್ರಾವಣ ಕಳೆಯಲಿ ಎಂದು ನಾನು ನಾಲ್ಕು ವರ್ಷ ದೂಡಿದೆ. ಹೇಡಿಗೆ ನೆಪಗಳೇನು ಕಡಿಮೆಯೇ?

ಹೋದ ಚಳಿಗಾಲದಲ್ಲಿ ಚಾಚಿ ತೀರಿಕೊಂಡರು. ಮೂರನೆಯ ದಿನ ಹೋಗಿ ವಾಡಿಯಿಂದ ಬಂದಿದ್ದ ಅವರ ಮಗಳ ಎದುರು ಕುಳಿತೆ. ಅವಳು ಅಳುತ್ತಿರಲಿಲ್ಲ, ಅಕ್ಕಿ ಆರಿಸುತ್ತಿದ್ದಳು. ಮೃತ್ತಿಕೆಯಿಂದ ಹಿಡಿದು ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡದ್ದರ ತನಕ ಒಂದೂ ಬಿಡದೆ ಹೇಳಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

“ಅಮ್ಮಿಗಿ ಅವತ್ತೇ ಗೊತ್ತಾಗಿತ್ರಿ. ಸುದ್ದಿ ಕೇಳಿ ವಾಡಿಯಿಂದ ಬಂದು, ಓಣ್ಯಾಗ ಹೇಳಿಬಿಡ್ತೀನಿ ಅಂತ ನಾ ಎದ್ದಿದ್ದೆ. ಕೈ ಹಿಡಿದು ಕುಂದರಿಸಿದ್ಳು. ನೀ ಹೇಳಿದ್ರ ಆಕಿ ಬಾಳೇ ಕಷ್ಟ ಆಗ್ತದ, ಆಕಿನೇ ಬಂದು ಹೇಳ್ತಾಳ ತಡಿ ಅಂದ್ಳು. ಈ ಸಲ ದವಾಖಾನಿಗಿ ಒಯ್ಯೋವಾಗೂ ನಿಮ್ಮ ಬಾಗಿಲ ಕಡಿ ನೋಡಿದ್ಳು. ಬಾಗಲಾ ಹಾಕಿತ್ತು.”

ಆ ಹೊತ್ತಿನಲ್ಲಿ ನಾನು ಒಳಗೇ ಇದ್ದೆ.