ಖಾಲಿ ಬೋಟಿನಲ್ಲಿ ನನ್ನ ದನಿ

ಕಳೆದ ಭಾನುವಾರ ಮಟಮಟ ಮಧ್ಯಾಹ್ನ, ಚೆನ್ನೈ ಹತ್ತಿರದ ಮುಟ್ಟುಕಾಡಿನ ಹಿನ್ನೀರಿನಲ್ಲಿ ಕಟ್ಟಿಹಾಕಿದ್ದ ಖಾಲಿ ಬೋಟಿನೊಳಗಿಂದ ನಾನು ಮಾತಾಡಿದೆ. ತೊಂದರೆ ಏನೆಂದರೆ, ನಾನು ಬೋಟಿನಲ್ಲಿ ಇರಲೇ ಇಲ್ಲ. ದಡದಲ್ಲಿ ಚಾಪೆಯ ಮೇಲೆ ಕೂತಿದ್ದೆ.

ಹೆದರಬೇಡಿ, ಕಾರಣ ಇದೆ. (ನಾನು ಹೆದರಿದ್ದು ಕಾರಣ ಗೊತ್ತಿದ್ದೂ.)

ಬೋಟು ಗೆಳೆಯ ಗುರುಬಸಣ್ಣನವರದು. ದಾವಣಗೆರೆಯವರು, ಅಣ್ಣಾ ನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಹಳೇ ಫೈಬರ್ ಬೋಟಿಗೆ ಸೋಲಾರ್, ಲಿಥಿಯಂ ಬ್ಯಾಟರಿ, ಎಲೆಕ್ಟ್ರಿಕ್ ಮೋಟಾರ್ ಎಲ್ಲ ಹಾಕಿಸಿದ್ದಾರೆ. ಈ ಲಿಥಿಯಂಗೆ ದಿನಾ ಹೊಟ್ಟೆ ಬಿರಿಯುವಷ್ಟು ಉಣಿಸಬಾರದಂತೆ. ಪೂರ್ತಿ ಉಪವಾಸ ಕೆಡವಿದರೂ ಕೆಡುತ್ತದಂತೆ. ಅದಕ್ಕೇ ಆಟೊಮೇಶನ್. ಚಾರ್ಜು ನೂರಕ್ಕೆ ಮೂವತ್ತಕ್ಕೆ ಇಳಿದರೆ ಫ್ರಿಜ್ಜು ತಾನೇ ಆಫ್. ಎಂಬತ್ತು ಮುಟ್ಟಿದರೆ ಸೋಲಾರ್ ತಾನೇ ಕಟ್, ಜೊತೆಗೆ ಸ್ಪೀಕರಿನಲ್ಲಿ ಒಂದು ಮಾತು.

ಆ ಮಾತು ಕನ್ನಡದಲ್ಲೇ ಇರಬೇಕು ಎಂಬುದು ಅವರ ಹಟ. ನನ್ನದು ಗಡಸು ಗಂಟಲು. ಪೋರೂರಿನ ನಮ್ಮ ಫ್ಲ್ಯಾಟಿನಲ್ಲಿ ಫ್ಯಾನ್ ಆಫ್ ಮಾಡಿ, ಮೊಬೈಲಿಗೆ ನಿಧಾನವಾಗಿ ಎರಡು ಸಲ ಹೇಳಿದೆ: "ಸಾಕು... ಸಾಕು."

ಚೆನ್ನೈ ಕನ್ನಡಿಗನ ಹೆಮ್ಮೆ, ಕೇಳಬೇಕೆ?

ಬೋಟು ಕಾಯುವವರು ಆರುಮುಗಂ. ಅರವತ್ತು ದಾಟಿದವರು, ದಡದ ಗುಡಿಸಲಿನಲ್ಲಿ ಒಬ್ಬರೇ. ಮೂರು ವಾರದಿಂದ ಅವರು ಬೋಟು ಹತ್ತುತ್ತಿಲ್ಲ ಎಂಬ ಕಾರಣಕ್ಕೇ ನಾವು ಹೋಗಿದ್ದು. ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದರು. ಬಲೆಯನ್ನು ತಮ್ಮನಿಗೆ ಕೊಟ್ಟಾಗಿತ್ತು. ಸೈಕಲ್ ಅಳಿಯನಿಗೆ. ನಮಗೆ ಚಾಪೆ ಹಾಸಿ, ತೀರಾ ಸಮಾಧಾನವಾಗಿ ಹೇಳಿದರು: "ಬೋಟು ಎನ್ನ ಸಾಗ ಸೊಲ್ಲುದು ಸಾರ್."

ಬೋಟು ನನ್ನನ್ನು ಸಾಯಲು ಹೇಳುತ್ತಿದೆ!

(ಮುಂದಿನದನ್ನು ಕನ್ನಡ ಮಾಡಿಯೇ ಹೇಳುತ್ತೇನೆ.) "ದಿನಾ ಒಂದೇ ಹೊತ್ತಿಗಲ್ಲ ಸಾರ್. ಬಿಸಿಲು ಜೋರಿದ್ರೆ ಬೇಗ ಹೇಳುತ್ತೆ. ಮೋಡ ಇದ್ರೆ ತಡ. ಮೊನ್ನೆ ಇಡೀ ದಿನ ಮಳೆ, ಹೇಳಲೇ ಇಲ್ಲ. ಒಂದು ದಿನ ಬಿಟ್ಟುಕೊಟ್ಟಿದೆ ಅಂದ್ಕೊಂಡೆ."

ಅಷ್ಟರಲ್ಲೇ ನೀರಿನ ಮೇಲಿಂದ ಬಂತು. ದನಿ ನನ್ನದೇ, ಆದರೆ ಎಲ್ಲೋ ಬಾವಿಯೊಳಗೆ ಕೂತವನ ಹಾಗೆ. ಗಾಳಿಗೆ ಸಿಕ್ಕಿ ನನಗೂ ಹಾಗೇ ಕೇಳಿಸಿತು: ಸಾಗು... ಸಾಗು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ; 'ಸಾಗು' ಎಂದರೆ ಸಾಯಿ. ನಮ್ಮ 'ಸಾಕು' ಆ ಕಿವಿಯಲ್ಲಿ ಸಾಯುವ ಮಾತಾಗಿಬಿಟ್ಟಿದೆ.

"ಇವರಿಗೆ ನೀವು ಹೇಳಿರಲಿಲ್ವಾ?" ಎಂದೆ.

"ಬ್ಯಾಟ್ರಿ ಕೆಲ್ಸ ತಾನೇ ನಡೀತತಿ, ಇವ್ರಿಗೆ ಯಾಕ್ ಹೇಳ್ಬೇಕ್ರೀ?" ಎಂದರು ಗುರುಬಸಣ್ಣ.

ನಾವೆಲ್ಲ ಹೀಗೇ ಅಲ್ಲವೇ? ಗೇಟಿಗೆ ಸೆನ್ಸರ್, ಲಿಫ್ಟಿಗೆ ದನಿ, ನಡುಮನೆಯ ಮೂಲೆಯಲ್ಲಿ ಕ್ಯಾಮೆರಾ. ಅದರ ಪಕ್ಕದಲ್ಲೇ ದಿನವಿಡೀ ಇರುವ ವಾಚ್‌ಮನ್ನಿಗೆ, ಕೆಲಸದಾಕೆಗೆ ಒಂದು ಮಾತು ಹೇಳಿರುತ್ತೇವೆಯೇ?

ಆರುಮುಗಂ ಕೈ ಹಿಡಿದೆ. "ಅದು ನನ್ನ ದನಿ ಅಣ್ಣಾ. ಕನ್ನಡ. ಬ್ಯಾಟರಿಗೆ ಹೇಳಿದ್ದು" ಎಂದು, ಎದುರಿಗೇ "ಸಾಕು" ಅಂದು ತೋರಿಸಿದೆ. ಅವರು ಕೈ ಬಿಡಿಸಿಕೊಂಡು ಹಿಂದೆ ಸರಿದರು.

"ನೀವಾ ಸಾರ್? ನಾನು ನಿಮಗೇನು ಮಾಡಿದೆ?"

ಅಲ್ಲೇ ತಮಿಳಿನಲ್ಲಿ "ಪೋದುಂ" ಎಂದು ರೆಕಾರ್ಡ್ ಮಾಡಿ ಕೇಳಿಸಿದೆ. ಸಾಕು ಎಂಬುದಕ್ಕೆ ಅಚ್ಚ ತಮಿಳು. ಅವರು ತಲೆದೂಗಿದರು. "ಈಗ ಸ್ಪಷ್ಟವಾಯ್ತು ಸಾರ್. ಬದುಕಿದ್ದು ಪೋದುಂ."

ಗುರುಬಸಣ್ಣ ಎದ್ದು ಬೋಟಿಗೆ ಹೋಗಿ ಸ್ಪೀಕರನ್ನೇ ಕಿತ್ತು ತಂದು ಕಾರಿಗೆ ಹಾಕಿಕೊಂಡರು. ಮುಗಿಯಿತಲ್ಲ ಎಂದುಕೊಂಡು ವಾಪಸಾದೆವು.

ಗುರುವಾರ ಫೋನ್ ಮಾಡಿ, ಊಟ ಆಯಿತಾ ಅಣ್ಣಾ ಎಂದು ಕೇಳಿದೆ. ನನ್ನ ದನಿ ಕೇಳಿ "ನೀವಾ ಸಾರ್?" ಎಂದರು. ಆಮೇಲೆ ಹೇಳಿದರು: "ನಾಲ್ಕು ದಿನದಿಂದ ಕೂಗೋದು ನಿಂತಿದೆ ಸಾರ್. ನನ್ನನ್ನ ಕರ್ಕೊಂಡು ಹೋಗೋಕೆ ಹೊರಟಿರಬೇಕು. ದಾರೀಲಿರಬೇಕು."

ಅವರನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ನಾಳೆ ಬೆಳಿಗ್ಗೆಯೇ ಹೋಗುತ್ತಿದ್ದೇವೆ. ಗುಡಿಸಲಿನ ಮುಂದೆ ನಿಂತು ಹೆಸರು ಹಿಡಿದು ಕರೆಯಬೇಕಾದವನು ನಾನೇ. ಆ ಮನುಷ್ಯನಿಗೆ 'ಬದುಕಿ' ಎನ್ನಲು ಯಾರ ದನಿ ತರಲಿ?